ರಾಕ್ಷಸನ ನೆಗಡಿ ವಾಸಿಯಾಗದಿರಲಿ

ಹಾಸ್ಯಸಾಮ್ರಾಜ್ಯದ ಏಕಚ್ಛತ್ರಾಧಿಪತಿಗಳೂ ನಗೆಗಡಲಿನ ತಿಮಿಂಗಿಲವೂ ಆದ ಶ್ರೀ ಶ್ರೀ ಶ್ರೀ ಲೇಖಕ ಮಹಾಶಯರ ದಿವ್ಯಸನ್ನಿಧಿಗೆ,

ತಮ್ಮ 'ರಾಕ್ಷಸನಿಗೆ ನೆಗಡಿ' ಕಾದಂಬರಿಯನ್ನು ಆಸ್ಪತ್ರೆಯಲ್ಲಿ ಅಕ್ಕನಿಗೆ ದಿನಾ ಓದಿ ಹೇಳುತ್ತಿದ್ದೇನೆ. ರಾಕ್ಷಸ ಸೀನಿದಾಗಲೆಲ್ಲ ರಾಜಧಾನಿ ಪಕ್ಕದ ದೇಶಕ್ಕೆ ಹಾರಿ ಬೀಳುವುದನ್ನು ಕೇಳಿ ಅವಳು ಆಕ್ಸಿಜನ್ ಮಾಸ್ಕಿನೊಳಗೇ ನಗುತ್ತಾಳೆ. ನರ್ಸ್ ಗದರಿದರೆ, "ನಾನಲ್ಲ ಸಿಸ್ಟರ್, ರಾಕ್ಷಸ" ಅನ್ನುತ್ತಾಳೆ.

ಆದರೆ ಗ್ರಂಥಾಲಯದ ಈ ಪ್ರತಿಯಲ್ಲಿ ಕೊನೆಯ ಎಂಟು ಹಾಳೆಗಳಿಲ್ಲ. ಹತ್ತು ದಿನದಿಂದ ನಾನೇ ಕಥೆ ಕಟ್ಟಿ, ಪುಸ್ತಕದಲ್ಲಿರುವಂತೆ ಓದುತ್ತಿದ್ದೇನೆ. ನಿನ್ನೆ ಅಕ್ಕ, "ಈ ಮನುಷ್ಯನಿಗೆ ಇಷ್ಟು ಹೆಸರು ಹೇಗೆ ಬಂತೋ. ಬರ್ತಾ ಬರ್ತಾ ಸಪ್ಪೆ ಆಗ್ಬಿಟ್ಟ ಕಣೇ" ಅಂದಳು. ತಮ್ಮ ಕೀರ್ತಿಗೆ ಮಸಿ ಬಳಿದದ್ದಕ್ಕೆ ಕ್ಷಮೆಯಿರಲಿ.

ಈಗೀಗ ಡಾಕ್ಟರು ಅಮ್ಮನನ್ನು ಹೊರಗೆ ಕರೆದೇ ಮಾತಾಡುತ್ತಾರೆ. "ಪುಸ್ತಕ ಮುಗಿಯೋವರೆಗೂ ನಾನೆಲ್ಲೂ ಹೋಗಲ್ಲ ಬಿಡೇ" ಅಂತ ಮೊದಲ ದಿನವೇ ಅಕ್ಕ ಮಾತು ಕೊಟ್ಟಿದ್ದಾಳೆ. ಆದ್ದರಿಂದ ದಯಮಾಡಿ ಇನ್ನೊಂದಷ್ಟು ಸೀನುಗಳನ್ನು ಬರೆದು, ವಾರ್ಡ್ ಆರು, ಕಿಟಕಿ ಪಕ್ಕದ ಹಾಸಿಗೆಗೆ ಬೇಗ ಕಳಿಸಬೇಕು. ರಾಕ್ಷಸನಿಗೆ ವಾಸಿಯಾಗುವುದು ಮಾತ್ರ ಬೇಡ.

ಇಂತು,
ತಮ್ಮ ಹೆಸರು ಕೆಡಿಸಿದ ವಿಧೇಯಳು

ಇನ್ನೊಂದು ಸಣ್ಣ ವಿಷಯ: ಆ ಎಂಟು ಹಾಳೆಗಳನ್ನು ಹರಿದವಳು ನಾನೇ.