ತಲೆಯಾಡಿಸಿದ ಮೇಲೆ

ಭಾನುವಾರ, ಜೂನ್ ೧೪

ನನ್ನ ಮುದ್ದು ಮಗಳೇ,

ನೂರು ಆಶೀರ್ವಾದ! ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರೆಯದ ಈ ಮುದುಕನನ್ನು ಬೈದುಕೊಂಡಿರುತ್ತೀಯ. ಬೈಯಿ, ಅದು ನಿನ್ನ ಹಕ್ಕು! ಇಲ್ಲಿ ಎಲ್ಲರೂ ಕ್ಷೇಮ. ನಿನ್ನಮ್ಮನ ಮಂಡಿನೋವು ಇಳಿದಿದೆ, ನಾಲಿಗೆ ಮಾತ್ರ ಹಾಗೇ ಇದೆ. ತಡವಾದದ್ದು ನಿನ್ನ ಮಗಳಿಂದ. ಗಾಬರಿಯಾಗಬೇಡ, ನಮ್ಮ ಬುಗುರಿ ಗುಂಡುಕಲ್ಲಿನ ಹಾಗಿದ್ದಾಳೆ. ದೂರದೂರಿನಲ್ಲಿ ಆಸ್ಪತ್ರೆಯ ಪಾಳಿ ಮುಗಿಸಿ ಸುಸ್ತಾದ ನಿನ್ನನ್ನು ಅರ್ಧ ಕಥೆ ಹೇಳಿ ಹೆದರಿಸಬಾರದೆಂದು ಕಾದಿದ್ದೆ.

ಹೋದ ವಾರ ಅವಳನ್ನು ಕರೆತರಲು ಹೋದಾಗ ಶಿಶುವಿಹಾರದ ಟೀಚರು ನನ್ನನ್ನು ಒಳಗೆ ಕರೆದು ಮಕ್ಕಳ ಕುರ್ಚಿಯಲ್ಲಿ ಕೂರಿಸಿದರು. ಜೀವಮಾನವಿಡೀ ನಾಟಕಗಳಲ್ಲಿ ಖಳನಾಯಕನಾಗಿ, ಕದ್ದ ಸಿಂಹಾಸನಗಳ ಮೇಲೆ ಮೆರೆದ ದೇಹ ಆ ಕುರ್ಚಿಯಲ್ಲಿ ಸಿಕ್ಕಿಹಾಕಿಕೊಂಡಿತು!

"ತಾತ, ಆ ಕನ್ನಡಕದ ಹುಡುಗನ್ನೇ ಹುಡುಕಿ ಹುಡುಕಿ ತಳ್ತಾಳೆ ನಿಮ್ಮ ಮೊಮ್ಮಗಳು," ಎಂದರು. "ಅವನು ಬಿದ್ರೆ ಸೊಂಟದ ಮೇಲೆ ಕೈಯಿಟ್ಟು 'ಹಹ್ಹಹ್ಹಾ' ಅಂತ ನಗ್ತಾಳೆ. ಪಾಪ, ಅವನೀಗ ಇಲ್ಲಿಗೆ ಬರೋಕೇ ಅಳ್ತಾನಂತೆ. ಇನ್ನೊಂದ್ಸಲ ಹೀಗಾದ್ರೆ ಮನೇಲೇ ಇಟ್ಕೊಳ್ಳಿ."

ಆ ಅಟ್ಟಹಾಸ ಯಾರದೆಂದು ಬೇರೆ ಹೇಳಬೇಕೆ? ಸಂಜೆಯಾದರೆ ನಮ್ಮ ನಡುಮನೆಯೇ ರಂಗ. ಅವಳು ದುಷ್ಟ ಸೇನಾಪತಿ, ನಾನು ರಾಜ. ಅವಳು ತಳ್ಳುತ್ತಾಳೆ, ನಾನು ದಿಂಬುಗಳ ಮೇಲೆ ಧೊಪ್ಪನೆ ಬಿದ್ದು, ಹೊರಳಾಡಿ, ಪ್ರಾಣಬಿಟ್ಟು, ಎದ್ದು ನಮಸ್ಕರಿಸುತ್ತೇನೆ. ನಿನ್ನಮ್ಮನ ಚಪ್ಪಾಳೆ!

ಮನೆಗೆ ಬಂದು ಕೇಳಿದೆ: "ಯಾಕೆ ಕಂದಾ ಅವನನ್ನ ತಳ್ತೀಯ?"

"ಅವನಿಗೆ ಬೀಳೋಕೇ ಬರಲ್ಲ ತಾತ. ಬಿದ್ದು ಅಳ್ತಾನೆ. ಎದ್ದು ನಮಸ್ಕಾರಾನೂ ಮಾಡಲ್ಲ. ಅದಕ್ಕೇ ಕಲಿಸ್ತಿದ್ದೀನಿ."

"ಕಲಿಸಿದ ಗುರುಗಳೇ, ಈಗ ನೀವೇ ಬಿಡಿಸಿ," ಎಂದಳು ನಿನ್ನಮ್ಮ.

ನಾಟಕದಲ್ಲಿ ಒಂದು ಕಟ್ಟುಪಾಡಿದೆ ಮಗಳೇ, ಪ್ರೇಕ್ಷಕರಿಗೆ ಕಾಣುವುದಿಲ್ಲ. ಎಂಥ ಘೋರ ಖಳನಾದರೂ ತಳ್ಳುವ ಮುನ್ನ ಎದುರಿನವನ ಕಣ್ಣು ನೋಡಬೇಕು. ಅವನು ಹೂಂ ಎಂಬಂತೆ ಚೂರೇ ಚೂರು ತಲೆಯಾಡಿಸಿದರೆ ಮಾತ್ರ ಕೈ ಮುಂದೆ ಹೋಗಬೇಕು. ಇಷ್ಟನ್ನೂ ಬಿಟ್ಟು ನಾನು ಬರೀ ನಗು ಕಲಿಸಿದ್ದೆ! ಅವಳನ್ನು ಎದುರು ನಿಲ್ಲಿಸಿಕೊಂಡೆ.

"ಕಣ್ಣು ನೋಡು. ತಾತ ತಲೆಯಾಡಿಸಿದ್ನಾ?"

"ಇಲ್ಲ."

"ಹಾಗಾದ್ರೆ ಕೈ ಎಲ್ಲಿರಬೇಕು?"

ಎರಡೂ ಕೈ ಬೆನ್ನ ಹಿಂದೆ ಹೋದವು. ನಾನು ತಲೆಯಾಡಿಸಲೇ ಇಲ್ಲ. ನೋಡಿ ನೋಡಿ ಅವಳ ಮುಖ ಸಣ್ಣದಾಯಿತು. "ಭಯ ಆಯ್ತಾ ತಾತ?" ಎಂದು ನನ್ನ ಕೆನ್ನೆ ಸವರಿದಳು.

ಮರುದಿನ ಶಿಶುವಿಹಾರದ ಕಿಟಕಿಯಲ್ಲಿ ಇಣುಕಿದೆ. ಅವಳು ಹತ್ತಿರ ಹೋದದ್ದೇ ತಡ, ಆ ಹುಡುಗ ಗೋಡೆಗೆ ಒತ್ತಿಕೊಂಡ. ಬುಗುರಿ ಕೈ ಹಿಂದಕ್ಕೆ ಕಟ್ಟಿ ಅವನ ಕಣ್ಣನ್ನೇ ನೋಡಿದಳು.

"ತಳ್ಳಲಾ, ಬೇಡ್ವಾ?"

"ಬೇಡ."

"ಸರಿ. ಅವತ್ತು ನೋವಾಯ್ತಾ?"

"ಹೂಂ."

ಅವಳು ಸ್ವಲ್ಪ ದೂರ ಹೋಗಿ ಕೂತಳು. ಅಷ್ಟೇ. ಚಪ್ಪಾಳೆಯಿಲ್ಲ, ಪರದೆಯಿಲ್ಲ.

ಮೊನ್ನೆ ಆ ಪುಟಾಣಿಯೇ ಬಂದನಂತೆ: "ನಾನು ತಳ್ತೀನಿ, ನೀನು ಬೀಳ್ತೀಯಾ?" ಇವಳು ಗಂಭೀರವಾಗಿ ತಲೆಯಾಡಿಸಿದಳಂತೆ. ಅವನು ಒಂದೇ ಬೆರಳು ತಾಗಿಸಿದ. ಆಹಾ, ಇವಳು ಬಿದ್ದ ಪರಿಯೇನು! ಟೀಚರೇ ನಕ್ಕು ನಕ್ಕು ಹೇಳಿದರು. ಅವನು ಈಗ ಅಳದೆ ಬರುತ್ತಾನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ನಿದ್ದೆ ಕಳೆದುಕೊಳ್ಳಬೇಡ. ನಿನ್ನ ಕೈ ಮುಟ್ಟಿದ ರೋಗಿಗಳೆಲ್ಲ ಎದ್ದು ಓಡಾಡಲಿ, ನೀನು ನೂರು ಕಾಲ ಬಾಳು.

ನಿನ್ನ ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಇವತ್ತು ತಲೆ ಬಾಚುವಾಗ ಬುಗುರಿ ಕೇಳಿದಳು: "ಅಮ್ಮ ಹೋಗುವಾಗ ನನ್ನ ಕಣ್ಣು ನೋಡ್ಲೇ ಇಲ್ಲ, ಅಲ್ವಾ ತಾತ?" "ನೀನು ಮಲಗಿದ್ದೆ ಕಂದಾ, ಎಬ್ಬಿಸಿದ್ರೆ ಅಳ್ತೀಯ ಅಂತ ಮೆಲ್ಲಗೆ ಹೋದ್ಲು," ಎಂದೆ. ಬಾಚಣಿಗೆಯ ಹಲ್ಲುಗಳನ್ನು ಬೆರಳಿಂದ ಮೀಟಿದಳು. ಆಮೇಲೆ, "ಅಳ್ತಿದ್ದೆ," ಎಂದಳು. "ಆದ್ರೆ ತಲೇನೂ ಆಡಿಸ್ತಿದ್ದೆ."

ಈ ಸಲ ಬಂದು ಹೊರಡುವಾಗ ಅವಳನ್ನು ಎಬ್ಬಿಸು, ಮಗಳೇ.