ಕಣ್ಣು ಮುಚ್ಚಿದರೆ ನೆಲವಿಲ್ಲ

ಮಾರ್ಚ್ 4, ಬೆಳಗ್ಗೆ

ಮುಖ ತೊಳೆಯುವಾಗ ಮತ್ತೆ ವಾಲಿದೆ. ಸೋಪು ಅಂತ ಕಣ್ಣು ಮುಚ್ಚಿದ್ದಷ್ಟೇ — ಕಾಲ ಕೆಳಗೆ ನೆಲವೇ ಇಲ್ಲ. ನಲ್ಲಿ ಹಿಡಿದುಕೊಂಡೆ.

ಚಳಿಗಾಲದ ಜ್ವರಕ್ಕೆ ಕೊಟ್ಟ ಇಂಜೆಕ್ಷನ್ನು ಕಿವಿಯೊಳಗಿನ ಸಮತೋಲವನ್ನೇ ಕೆಡಿಸಿದೆಯಂತೆ. ಇನ್ನು ಮರಳದು ಎಂದರು ಡಾಕ್ಟರು. ಬೆಳಕಿದ್ದರೆ ನಡೆಯುತ್ತೇನೆ. ಕತ್ತಲಾದರೆ ಯಾವುದು ಮೇಲೆ, ಯಾವುದು ಕೆಳಗೆ — ಮೈಗೆ ಗೊತ್ತಾಗುವುದಿಲ್ಲ.

ಗಂಡ ಅಬ್ದುಲ್‌ಹಖ್ ನಮ್ಮ ಫೆಸ್ ಪಟ್ಟಣದ ಹೊಸ ಊರಿನಲ್ಲಿ ಮನೆ ನೋಡಿ ಬಂದಿದ್ದಾರೆ.

"ಲಿಫ್ಟ್ ಇದೆ ಕೆಂಝಾ. ಅಗಲ ರಸ್ತೆ, ಬೀದಿದೀಪ."

"ಮದುವಣಗಿತ್ತಿಯರು ಇದಾರಾ?"

ಹಳೇ ಊರಿನ ಎಷ್ಟು ಹೆಣ್ಣುಮಕ್ಕಳನ್ನು ಸಿಂಗರಿಸಿ ಕೂರಿಸಿದ ಕೈ ಇದು. ಗಲ್ಲಿ ದಾಟಲಾಗದಿದ್ದರೆ ಕೆಲಸವೂ ಇಲ್ಲ.

ಮಾರ್ಚ್ 7

ಹಳೇ ಊರಿನ ಹಿರಿಯಾಕೆ ಲಾಲ್ಲಾ ರುಖಿಯಾ ಹೇಳಿಕಳಿಸಿದ್ದಾರೆ. ಶನಿವಾರ ಅವರ ಮಗಳು ಬತೂಲ್‌ಳ ಮದುವೆ. "ಬೇರೆಯವರು ಕಿರೀಟ ಇಟ್ರೆ ನಾನು ಕೂರಲ್ಲ" ಅಂದಳಂತೆ ಹುಡುಗಿ.

ಅವರ ಮನೆಗೆ ಇರುವುದು ಒಂದೇ ದಾರಿ, ಸೂರು ಮುಚ್ಚಿದ ಗಲ್ಲಿ. ಹಗಲಲ್ಲೂ ಕತ್ತಲು.

"ನಾನು ಕರ್ಕೊಂಡು ಹೋಗ್ತೀನಿ" ಅಂದರು ಇವರು.

"ಮಗು ಥರ ಕೈ ಹಿಡಿಸ್ಕೊಂಡು ಮದುವೆಮನೆಗೆ ಹೋಗ್ಲಾ?"

ಮಾರ್ಚ್ 9, ಶನಿವಾರ

ಒಬ್ಬಳೇ ಹೋದೆ. ಗಲ್ಲಿಯ ನಡುವೆ "ಬಾಲಾಕ್! ಬಾಲಾಕ್!" — ದಾರಿ ಬಿಡಿ ಅನ್ನುವ ಕೂಗು. ಪಕ್ಕಕ್ಕೆ ಸರಿದೆ. ಚರ್ಮ ಹೊತ್ತ ಹೇಸರಗತ್ತೆ ಇದ್ದ ಚೂರು ಬೆಳಕನ್ನೂ ಮುಚ್ಚಿತು. ಬಿದ್ದೆ. ಎದ್ದರೆ ಮತ್ತೆ ಬಿದ್ದೆ. ಅಳು ಬಂತು.

ತಡವರಿಸುವಾಗ ಒಂದು ಬೆರಳು ಗೋಡೆಗೆ ತಾಗಿತು. ಊರಿಕೊಳ್ಳಲೂ ಇಲ್ಲ, ಬರೀ ತಾಗಿಸಿದ್ದೆ. ಅಷ್ಟಕ್ಕೇ ಮೈ ನೆಟ್ಟಗಾಯಿತು! ಗೋಡೆ ಹೋದತ್ತ ಬೆರಳು, ಬೆರಳು ಹೋದತ್ತ ನಾನು.

ಲಾಲ್ಲಾ ರುಖಿಯಾ ನನ್ನ ಜಲ್ಲಾಬಾ ನಿಲುವಂಗಿ ನೋಡಿ, "ಅಯ್ಯೋ, ಬಿದ್ರೇನಮ್ಮಾ?"

"ಇಲ್ಲ, ದಾರೀಲಿ ಸ್ವಲ್ಪ ಕೂತ್ಕೊಂಡೆ."

"ಕೆಸರಲ್ಲಾ?"

ಬತೂಲ್ ನಕ್ಕ ರಭಸಕ್ಕೆ ಕಣ್ಣಿನ ಕಾಡಿಗೆ ಹರಡಿತು. ಮತ್ತೆ ಹಚ್ಚಿದೆ. ಆಮೇಲೆ ಕಿರೀಟ ಇಟ್ಟೆ.

ಮಾರ್ಚ್ 10

ಇವರ ಬೂಟಿನಲ್ಲೂ ಅದೇ ಗಲ್ಲಿಯ ಕೆಸರು. ಕೇಳಿದೆ.

"ಹೇಸರಗತ್ತೆ ಹಿಂದೇನೇ ಇದ್ದೆ."

"ನಾನು ಬಿದ್ದಿದ್ದು ನೋಡಿದ್ರಾ?"

"ನೋಡಿದೆ."

"ಎತ್ಲಿಲ್ಲ ಯಾಕೆ?"

"ಕೈ ಚಾಚಿದ್ದೆ ಕಣೇ, ಹಿಂದಕ್ಕೆ ತಗೊಂಡೆ. ಎತ್ತಿದ್ರೆ ನೀನು ಇನ್ಯಾವತ್ತೂ ಒಬ್ಬಳೇ ಹೊರಡ್ತಿರ್ಲಿಲ್ಲ."

ಸಿಟ್ಟು ನೆತ್ತಿಗೇರಿತು. ಮಾತು ಬಿಟ್ಟೆ.

ಮಾರ್ಚ್ 22

ಈವತ್ತು ಮಾತಾಡಿದೆ. ಉಪ್ಪು ಕೇಳಬೇಕಾಗಿತ್ತು. ಉಪ್ಪು ಕೊಡುತ್ತಾ ಅಂದರು — ಹೊಸ ಊರಿನ ಮನೆ ಬೇಡ ಅಂತ ಹೇಳಿ ಬಂದಿದ್ದಾರಂತೆ. ನಾನು ಕೇಳಿರಲೇ ಇಲ್ಲ.

ಏಪ್ರಿಲ್ 2

ಇನ್ನೊಂದು ಮದುವೆ, ಚಮ್ಮಾರಗಲ್ಲಿಯ ಆಚೆ. ಇವರು ಬಾಗಿಲಲ್ಲಿ ನಿಂತರು.

"ಹಿಂದೆ ಬರಲ್ಲ ತಾನೆ?"

"ಬರಲ್ಲ."

ಮುಖ ನೋಡಿದರೆ ನಂಬಿಕೆ ಬರಲಿಲ್ಲ. ತಿರುವಿನಲ್ಲಿ ಹಿಂದೆ ಹೆಜ್ಜೆ ಸಪ್ಪಳ ಕೇಳಿದ ಹಾಗಾಯಿತು. ತಲೆ ಹೊರಳಿಸಿದರೆ ಗಲ್ಲಿಯೇ ಹೊರಳುತ್ತದೆ, ಅದಕ್ಕೆ ನೋಡಲಿಲ್ಲ. ಅದಕ್ಕೇ ಅಂತ ಬರೆದುಕೊಳ್ಳುತ್ತಿದ್ದೇನೆ. ನಿಜವಾಗಿ, ಅವರು ಅಲ್ಲಿ ಇಲ್ಲದಿದ್ದರೆ ಅಂತ ಹೆದರಿ ನೋಡಲಿಲ್ಲ.