ಕೆಂಪು ಸುರುಳಿ, ಹಸಿರು ಮೊಸಳೆ

ವಿನಿಪೆಗ್,
ಮಾರ್ಚ್ ೯, ಸೋಮವಾರ

ಮಹಾಕಲಾವಿದೆ, ನನ್ನ ಒಬ್ಬಳೇ ಅಕ್ಕ ಹಲೀನಾಳಿಗೆ,

ಮಾಂಟ್ರಿಯಲ್‌ನ ಹಿಮದಲ್ಲಿ ಜಾರಿ ಉಳುಕಿಸಿಕೊಂಡ ಕಾಲು ಹೇಗಿದೆ? ಊತ ಇಳಿಯಿತೇ? ಅಮ್ಮ ಚೆನ್ನಾಗಿದ್ದಾಳೆ. ಮೂರು ಹೊತ್ತೂ ಪೆರೋಗಿ ಕಡುಬು ಬೇಯಿಸುತ್ತಾಳೆ, ನಡುನಡುವೆ ನಿನ್ನ ಗುಣಗಾನ. ನಾನೂ ಕ್ಷೇಮ. ಹೊಟ್ಟೆಯಲ್ಲಿ ಸ್ವಲ್ಪ ಉರಿ, ಅದು ಪೆರೋಗಿಯದ್ದಲ್ಲ.

ಈಗ ಗಂಭೀರ ವರದಿ. ಅಮ್ಮ ಮತ್ತು ಅವಳ ಕಲಾವಿದ ಗೆಳೆಯರು ಸೇರಿ ಕಟ್ಟಿದ ನಮ್ಮ ‘ಉಗ್ರಾಣ’ ಗ್ಯಾಲರಿ ಮುಚ್ಚುತ್ತಿದೆ, ಕಟ್ಟಡ ಮಾರಿಹೋಯಿತು. ಅದರ ನೆನಪಿಗೆಂದು ಮ್ಯೂಸಿಯಂನವರು ಏನನ್ನು ಆರಿಸಿಕೊಂಡಿದ್ದಾರೆ ಗೊತ್ತೇ? ಅಷ್ಟೊಂದು ಘನ ಕಲಾವಿದರು ಬಂದುಹೋದ ಜಾಗದಲ್ಲಿ, ಪುಟ್ಟ ಹುಡುಗಿಯಾಗಿದ್ದ ನೀನು ಬಾಗಿಲ ಪಕ್ಕ ಗೀಚಿದ ಕೆಂಪು ಕ್ರೇಯಾನ್ ಸುರುಳಿಯನ್ನು! ‘ಇದೇ ಇಲ್ಲಿನ ಮೊದಲ ಕೃತಿ’ ಎಂದು ಅಮ್ಮ ಅಂದೇ ಘೋಷಿಸಿದ್ದಳಂತೆ. ಪ್ರತಿ ಪ್ರದರ್ಶನ ಮುಗಿದ ಮೇಲೂ ಎಲ್ಲರೂ ಸೇರಿ ಗೋಡೆಗೆ ಬಿಳಿ ಬಳಿಯುವಾಗ, ನಿನ್ನ ಸುರುಳಿಗೆ ಮಾತ್ರ ಕುಂಚ ಪ್ರದಕ್ಷಿಣೆ ಹಾಕುತ್ತಿತ್ತು. ಸುತ್ತಲಿನ ಬಣ್ಣ ದಪ್ಪಗಾಗಿ ಅದೀಗ ಗೂಡಿನಲ್ಲಿ ಕೂತ ದೇವರಂತಿದೆ. ಮ್ಯೂಸಿಯಂನ ಸಿಗ್ರಿಡ್ ಕೈಗವಸು ತೊಟ್ಟು ಅದರ ಮುಂದೆ ಮಂಡಿಯೂರಿದಾಗ ನಾನು ಭಕ್ತಿಯಿಂದ ಟೋಪಿ ತೆಗೆದೆ.

ನೀನು ಊರು ಬಿಟ್ಟ ವರ್ಷ ಅದೇ ಗೋಡೆಯ ಮೇಲೆ, ನಿನ್ನ ಸುರುಳಿಯ ಎಡಕ್ಕೆ, ಪುಟ್ಟವನಾಗಿದ್ದ ನಾನೂ ಒಂದು ಹಸಿರು ಮೊಸಳೆ ಬರೆದಿದ್ದೆ. “ನಾಳೆ ಉದ್ಘಾಟನೆ, ಇವತ್ತೇ ಬೇಕಿತ್ತೇನೋ ನಿಂಗೆ?” ಅಂದ ಅಮ್ಮ ರೋಲರ್ ಎಳೆದೇಬಿಟ್ಟಳು. ನಿನ್ನ ಕಾಲಕ್ಕೆ ಉಗ್ರಾಣಕ್ಕೆ ಬರುತ್ತಿದ್ದವರು ಗೆಳೆಯರು. ನನ್ನ ಕಾಲಕ್ಕೆ ಅತಿಥಿಗಳಾಗಿದ್ದರು.

ಆದ್ದರಿಂದ ನಿನ್ನೆ ಬೆಣ್ಣೆ ಹಚ್ಚುವ ಚಾಕು ಹಿಡಿದು ಉತ್ಖನನ ಕೈಗೊಂಡೆ. ಬಿಳಿ ಪದರಪದರವಾಗಿ ಎದ್ದು ಬಂತು, ಕೊನೆಗೊಂದು ಹಸಿರು ಬಾಲ. ಸಿಗ್ರಿಡ್ ಬೈಯುತ್ತಾಳೆ ಅಂದುಕೊಂಡರೆ, ಟಾರ್ಚ್ ಹಿಡಿದು ಪಕ್ಕದಲ್ಲೇ ನಿಂತಳು. ಅಮ್ಮ ಬಂದು ನೋಡಿದಳು. ಬಾಲದ ಮೇಲೆ ಬೆರಳಾಡಿಸಿದಳು.

“ಇದಕ್ಕೆ ಹಲ್ಲೂ ಇತ್ತು, ಅಲ್ವೇನೋ,” ಅಂದಳು.

ನಾನು ಧೂಳು ಹೊಡೆಯುವ ನೆಪದಲ್ಲಿ ಆಚೆ ಹೋದೆ.

ಕಾಲು ಜೋಪಾನ. ಅಮ್ಮನ ಮುತ್ತುಗಳೆಲ್ಲ ನಿನಗೇ, ನನ್ನ ಪಾಲಿನವೂ ಸೇರಿ.

ನಿನ್ನ ಕೀರ್ತಿಯ ನೆರಳಲ್ಲಿ ಬಿಳಿಚಿಕೊಂಡ ತಮ್ಮ,
ಓರೆಸ್ಟ್

ಮರೆತೇ ಬಿಟ್ಟಿದ್ದೆ: ಮ್ಯೂಸಿಯಂಗೆ ಒಯ್ಯಲು ಗೋಡೆ ಕೊಯ್ಯುವುದು ತಿಂಗಳ ಕೊನೆಗೆ. ನಿನ್ನ ಸುರುಳಿಯ ಸುತ್ತ ಮಾತ್ರ ಗೆರೆ ಎಳೆದಿದ್ದಾರೆ. ಚಿತ್ರ ನಿನ್ನದಾದ್ದರಿಂದ ನಿನ್ನ ಒಪ್ಪಿಗೆ ಇಲ್ಲದೆ ಗೋಡೆ ಮುಟ್ಟುವಂತಿಲ್ಲವಂತೆ. ಸಿಗ್ರಿಡ್ ಫೋನ್ ಮಾಡುತ್ತಾಳೆ. ಆ ಗೆರೆ ಎಡಕ್ಕೆ ಇನ್ನೊಂದು ಮೊಳ ಸರಿಯುವ ತನಕ ಹೂಂ ಅನ್ನಬೇಡ, ಅಕ್ಕಾ.